ಕೊಸ್ಪಾಯಾ: ಎರಡು ಹಳ್ಳಗಳ ನಡುವಣ ಗಣರಾಜ್ಯ



  ರಾಜವಂಶಗಳ ಏಳುಬೀಳುಗಳನ್ನೂ ಸಾಮ್ರಾಜ್ಯಗಳ ವಿಸ್ತಾರವನ್ನೂ ಅಧಿಕಾರವಾಣಿಯಿಂದ ನಿರೂಪಿಸಬಲ್ಲ ವಿದ್ವಾಂಸರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಕ್ಷೇತ್ರವನ್ನು ಅವರಿಗೇ ಬಿಟ್ಟು, ನಾನು ಇಂದು ಆರಿಸಿಕೊಂಡಿರುವುದು 330 ಹೆಕ್ಟೇರು, ಎಂದರೆ ನಮ್ಮ ಲೆಕ್ಕದಲ್ಲಿ 800 ಎಕರೆಗಿಂತ ಸ್ವಲ್ಪ ಹೆಚ್ಚಿನ ನೆಲವನ್ನುಳ್ಳ ಒಂದು ಹಳ್ಳಿಯ ಚರಿತ್ರೆಯನ್ನು. ಇಟಲಿಯ ನಡುಭಾಗದಲ್ಲಿರುವ ಆ ಹಳ್ಳಿಯ ಹೆಸರು ಕೊಸ್ಪಾಯಾ. 1440ರಿಂದ 1826ರವರೆಗೆ, 386 ವರ್ಷಗಳ ಕಾಲ, ಅದು ಯಾವ ದೊರೆಗೂ ಕಪ್ಪ ಕೊಡದೆ, ಯಾವ ಪ್ರಭುವಿಗೂ ತಲೆಬಾಗದೆ, ಸ್ವತಂತ್ರ ಗಣರಾಜ್ಯವಾಗಿ ಬಾಳಿತು.

ಇಷ್ಟು ಕಿರಿದಾದ ವಸ್ತುವನ್ನು ವಿದ್ವತ್ಸಭೆಯೊಂದರ ಮುಂದೆ ಇಡುವುದು ಉಚಿತವೇ ಎಂದು ಯಾರಾದರೂ ಕೇಳಬಹುದು. ಉಚಿತವೆಂದೇ ನನ್ನ ದೃಢವಾದ ನಂಬಿಕೆ. ದೊಡ್ಡ ರಾಜ್ಯಗಳಲ್ಲಿ ಸೈನ್ಯ, ಸಂಪತ್ತು, ಧರ್ಮ, ದೊರೆಯ ವ್ಯಕ್ತಿತ್ವ ಇವೆಲ್ಲವೂ ಒಂದರೊಳಗೊಂದು ಹೆಣೆದುಕೊಂಡು, ರಾಜ್ಯವನ್ನು ನಿಜವಾಗಿ ಎತ್ತಿ ನಿಲ್ಲಿಸಿದುದು ಯಾವುದೆಂಬುದನ್ನು ನಿರ್ಧರಿಸುವುದೇ ಕಷ್ಟವಾಗುತ್ತದೆ. ಮುನ್ನೂರು ಜನರ ರಾಜ್ಯದಲ್ಲಾದರೋ ಇಂತಹ ಆವರಣಗಳಿಲ್ಲ. ಸ್ವಾತಂತ್ರ್ಯವೆಂಬುದು ಹೇಗೆ ಹುಟ್ಟುತ್ತದೆ, ಏತರಿಂದ ಪೋಷಣೆಯನ್ನು ಪಡೆಯುತ್ತದೆ, ಎಲ್ಲಿ ಕ್ಷೀಣಿಸುತ್ತದೆ ಎಂಬುದನ್ನು ಅಲ್ಲಿ ಆದಿಯಿಂದ ಅಂತ್ಯದವರೆಗೆ ಒಂದೇ ನೋಟದಲ್ಲಿ ಕಾಣಬಹುದು.

ಟೈಬರ್ ನದಿಯು ರೋಮ್ ನಗರವನ್ನು ಸೇರುವುದಕ್ಕೆ ಬಹಳ ಮೊದಲು, ಅಪೆನ್ನೀನ್ ಪರ್ವತಗಳಿಂದ ಇಳಿದು ಬಂದು, ಒಂದು ಫಲವತ್ತಾದ ಕಣಿವೆಯಲ್ಲಿ ಹರಿಯುತ್ತದೆ. ಕಣಿವೆಯ ಉತ್ತರಕ್ಕೆ ಟಸ್ಕನಿ ಪ್ರಾಂತದ ಸಾನ್‌ಸೆಪೊಲ್ಕ್ರೊ ಪಟ್ಟಣ. ಅದರಿಂದ ಕೆಲವೇ ಮೈಲಿ ದಕ್ಷಿಣಕ್ಕೆ ಉಂಬ್ರಿಯಾ ಪ್ರಾಂತದ ಸಾನ್ ಜುಸ್ತೀನೊ. ಸಾನ್‌ಸೆಪೊಲ್ಕ್ರೊ ಸಾಮಾನ್ಯವಾದ ಊರಲ್ಲ. ಯೂರೋಪಿನ ಮಹಾಚಿತ್ರಕಾರರಲ್ಲಿ ಒಬ್ಬನಾದ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಹುಟ್ಟಿದುದು ಅಲ್ಲಿ. ಜಮಾಖರ್ಚಿನ ಜೋಡಿನಮೂದು ಪದ್ಧತಿಯನ್ನು 1494ರಲ್ಲಿ ಮೊದಲಬಾರಿಗೆ ಮುದ್ರಿತ ಗ್ರಂಥದಲ್ಲಿ ವಿವರಿಸಿದ ಲೂಕಾ ಪಾಚೊಲಿ ಹುಟ್ಟಿದುದೂ ಅಲ್ಲಿಯೇ. ಈ ಎರಡು ಊರುಗಳ ನಡುವೆ, ಬೆಟ್ಟದ ಇಳಿಜಾರಿನಲ್ಲಿ, ಉದ್ದನೆಯ ಕಿರಿದಾದ ಒಂದು ಪಟ್ಟಿಯಾಗಿ ಚಾಚಿಕೊಂಡಿದ್ದ ನೆಲವೇ ಕೊಸ್ಪಾಯಾ. ಬೆಟ್ಟದಿಂದ ಇಳಿಯುವ ಎರಡು ಹಳ್ಳಗಳು ಅದರ ಎರಡು ಪಕ್ಕಗಳಲ್ಲಿ ಹರಿದು ಟೈಬರಿನ ಕಡೆಗೆ ಸಾಗುತ್ತವೆ.

ಈ ಹಳ್ಳಗಳ ಕಥೆಯನ್ನು ಹೇಳುವ ಮೊದಲು, ಆ ಕಾಲದ ರಾಜಕೀಯವನ್ನು ಸಂಕ್ಷೇಪವಾಗಿಯಾದರೂ ತಿಳಿಸುವುದು ಅವಶ್ಯ. 15ನೆಯ ಶತಮಾನದ ಪೋಪನು ಧರ್ಮಗುರುವಾಗಿದ್ದುದಲ್ಲದೆ ಇಟಲಿಯ ಮಧ್ಯಭಾಗವನ್ನು ಆಳುತ್ತಿದ್ದ ರಾಜನೂ ಆಗಿದ್ದನು. 1431ರಲ್ಲಿ ಪೀಠವನ್ನೇರಿದ ನಾಲ್ಕನೆಯ ಯುಜೀನನಿಗೆ ಈ ಎರಡು ಪದವಿಗಳಲ್ಲಿ ಯಾವುದೂ ನೆಮ್ಮದಿಯನ್ನು ತರಲಿಲ್ಲ. 1434ರಲ್ಲಿ ರೋಮಿನ ಜನ ದಂಗೆಯೆದ್ದಾಗ ಅವನು ವೇಷ ಮರೆಸಿಕೊಂಡು, ಟೈಬರ್ ನದಿಯಲ್ಲಿ ದೋಣಿಯೇರಿ, ದಡದಿಂದ ಬಿದ್ದ ಕಲ್ಲುಗಳ ನಡುವೆ ಪಲಾಯನ ಮಾಡಬೇಕಾಯಿತು. ಆಶ್ರಯ ದೊರೆತುದು ಫ್ಲಾರೆನ್ಸ್ ನಗರದಲ್ಲಿ. ಇತ್ತ ಬಾಸೆಲ್ ನಗರದಲ್ಲಿ ನೆರೆದಿದ್ದ ಧರ್ಮಪರಿಷತ್ತು, ಪರಿಷತ್ತಿನ ಅಧಿಕಾರವು ಪೋಪನ ಅಧಿಕಾರಕ್ಕಿಂತ ಮೇಲಾದುದೆಂದು ಸಾರಿ, 1439ರಲ್ಲಿ ಅವನನ್ನು ಪದಚ್ಯುತನೆಂದು ಘೋಷಿಸಿತು. ಸವಾಯ್ ಪ್ರಾಂತದ ಡ್ಯೂಕನಾಗಿದ್ದ ಎಂಟನೆಯ ಅಮೆದಿಯೊನನ್ನು ಐದನೆಯ ಫೆಲಿಕ್ಸ್ ಎಂಬ ಹೆಸರಿನಿಂದ ಪ್ರತಿಪೋಪನನ್ನಾಗಿ ಆರಿಸಿತು. ಪದವಿ ಉಳಿಯಬೇಕಾದರೆ ಯುಜೀನನಿಗೆ ಹಣ ಬೇಕಾಯಿತು.

ಹಣವಿದ್ದುದು ಫ್ಲಾರೆನ್ಸಿನ ಕೊಸಿಮೊ ದೆ ಮೆದಿಚಿಯ ಕೈಯಲ್ಲಿ. ಯೂರೋಪಿನ ದೊಡ್ಡ ನಗರಗಳಲ್ಲಿ ಶಾಖೆಗಳನ್ನು ಹೊಂದಿದ್ದ ಬ್ಯಾಂಕಿನ ಯಜಮಾನನೂ, ಸಿಂಹಾಸನವಿಲ್ಲದೆಯೇ ತನ್ನ ನಗರವನ್ನು ಆಳುತ್ತಿದ್ದ ಚತುರನೂ ಆದ ಅವನು ಪೋಪನಿಗೆ 25,000 ಚಿನ್ನದ ಫ್ಲೊರಿನ್‌ಗಳನ್ನು ಸಾಲವಾಗಿ ಕೊಟ್ಟನು. ಸಾಲಕ್ಕೆ ಆಧಾರವಾಗಿ ಪೋಪನ ಅಧೀನದಲ್ಲಿದ್ದ ಸಾನ್‌ಸೆಪೊಲ್ಕ್ರೊ ಪಟ್ಟಣವನ್ನು ಬರೆಸಿಕೊಳ್ಳಲಾಯಿತು. 1440ರ ಜೂನ್ 29ರಂದು, ಆ ಪಟ್ಟಣಕ್ಕೆ ಸಮೀಪದ ಆಂಗಿಯಾರಿ ಎಂಬಲ್ಲಿ, ಫ್ಲಾರೆನ್ಸಿನವರೂ ಪೋಪನವರೂ ಒಂದುಗೂಡಿ ಮಿಲಾನಿನ ಸೈನ್ಯವನ್ನು ಸೋಲಿಸಿದ್ದರು. ಮುಂದೆ ಲಿಯೊನಾರ್ಡೊ ದ ವಿಂಚಿ ಚಿತ್ರಿಸಲು ತೊಡಗಿದುದು ಇದೇ ಯುದ್ಧವನ್ನು. ಸಾಲ ತೀರಲಿಲ್ಲ. ಪಟ್ಟಣವು ಫ್ಲಾರೆನ್ಸಿಗೆ ಸೇರಿಹೋಯಿತು. ಅದುವರೆಗೆ ಒಂದೇ ಪ್ರಭುವಿನದಾಗಿದ್ದ ಕಣಿವೆಯನ್ನು ಹೀಗೆ ಇಬ್ಬರು ಹಂಚಿಕೊಂಡ ಮೇಲೆ ನಡುವೆ ಎಲ್ಲೆಯೊಂದನ್ನು ಗುರುತು ಮಾಡಲೇಬೇಕಾಯಿತು.

ಎಲ್ಲೆಯನ್ನು ಗೊತ್ತುಪಡಿಸಿದವರು ಅದನ್ನು ಸಾನ್‌ಸೆಪೊಲ್ಕ್ರೊಗೆ ಸಮೀಪದ ಹಳ್ಳವೇ ಎಂದು ಬರೆದರು. ಹಳ್ಳವನ್ನು ಅಲ್ಲಿಯ ಜನ ‘ರೀಯೊ’ ಎನ್ನುತ್ತಿದ್ದರು. ಒಪ್ಪಂದದಲ್ಲಿಯೂ ಅದೇ ಹೆಸರು ಬಿದ್ದಿತು. ಆದರೆ ಆ ಇಳಿಜಾರಿನಲ್ಲಿ ಅದೇ ಹೆಸರಿನ ಹಳ್ಳಗಳು ಎರಡಿದ್ದವು, ಮತ್ತು ಅವುಗಳ ನಡುವಣ ಅಂತರ ಸುಮಾರು 500 ಮೀಟರು. ಫ್ಲಾರೆನ್ಸಿನವರು ತಮ್ಮ ಪಟ್ಟಣದ ಕಡೆಯ ಹಳ್ಳವನ್ನು ಎಲ್ಲೆಯೆಂದು ತಿಳಿದು ಅಲ್ಲಿಗೆ ನಿಂತರು. ಪೋಪನ ಕಡೆಯವರು ಇನ್ನೊಂದು ಹಳ್ಳವನ್ನು ಎಲ್ಲೆಯೆಂದು ತಿಳಿದು ಅದರ ಆಚೆಯ ದಡದಲ್ಲಿ ನಿಂತರು. ಎರಡು ರಾಜ್ಯಗಳೂ ತಮ್ಮ ತಮ್ಮ ಭೂಮಿಯನ್ನು ಅಳೆದು ಮುಗಿಸಿದಾಗ ನಡುವೆ ಯಾರ ಲೆಕ್ಕಕ್ಕೂ ಸೇರದ ನೆಲವೊಂದು ಉಳಿಯಿತು. ಆ ನೆಲದ ಮೇಲೆ ಮನೆಗಳಿದ್ದವು, ಹೊಲಗಳಿದ್ದವು, ಜನರಿದ್ದರು.

ಇಲ್ಲಿಯವರೆಗಿನದು ಗುಮಾಸ್ತರ ಕಥೆ. ಇನ್ನು ಮುಂದಿನದು ರೈತರ ಕಥೆ. ಕಾಗದದಲ್ಲಿ ಆದ ಪ್ರಮಾದದ ಅರ್ಥವನ್ನು ಮೊದಲು ಗ್ರಹಿಸಿದವರು ಆ ಹಳ್ಳಿಯ ಜನರೇ. ತಾವು ಯಾರ ಪ್ರಜೆಗಳೂ ಅಲ್ಲವೆಂದ ಮೇಲೆ ತಮಗೆ ತಾವೇ ಒಡೆಯರೆಂದು ಅವರು ನಿಶ್ಚಯಿಸಿ, ತಮ್ಮ ಊರನ್ನು ಸ್ವತಂತ್ರವೆಂದು ಸಾರಿದರು. ಅಕ್ಷರವನ್ನರಿಯದ ಒಕ್ಕಲುಮಕ್ಕಳೇ ಅಧಿಕವಾಗಿದ್ದಿರಬೇಕಾದ ಆ ಸಮುದಾಯದಲ್ಲಿ, ಇಂತಹ ನಿರ್ಧಾರವನ್ನು ಕೈಗೊಳ್ಳುವ ವಿವೇಕವೂ, ಅದಕ್ಕಿಂತ ಹೆಚ್ಚಾಗಿ ಅದರ ಮೇಲೆ ಒಮ್ಮತದಿಂದ ನಿಲ್ಲುವ ಧೈರ್ಯವೂ ಇದ್ದುದನ್ನು ನಾವು ಗೌರವದಿಂದ ನೆನೆಯಬೇಕು. ಅವಕಾಶವು ಎಲ್ಲರ ಬಾಗಿಲಿಗೂ ಬರಬಹುದು. ಗುರುತಿಸಿ ಬರಮಾಡಿಕೊಳ್ಳುವವರು ವಿರಳ.

ನೆರೆಯ ಪ್ರಬಲರು ಈ ಘೋಷಣೆಯನ್ನು ಸಹಿಸಿದುದಕ್ಕೆ ಕಾರಣಗಳುಂಟು. ಹಳ್ಳಿಯನ್ನು ಒಬ್ಬರು ತೆಗೆದುಕೊಳ್ಳಬೇಕಾದರೆ ಇನ್ನೊಬ್ಬರೊಡನೆ ಒಪ್ಪಂದವನ್ನು ಮೊದಲಿನಿಂದ ಬಿಚ್ಚಬೇಕು. ಬಿಚ್ಚಿದ ಒಪ್ಪಂದದಲ್ಲಿ ಹಳ್ಳಿಗಿಂತ ದೊಡ್ಡ ವಿವಾದಗಳು ತಲೆಯೆತ್ತುವ ಸಂಭವವಿದ್ದಿತು. ಮುನ್ನೂರು ಜನರ ಊರಿಗಾಗಿ ಆ ತೊಡಕನ್ನು ಯಾರೂ ಬಯಸಲಿಲ್ಲ. ಎರಡು ರಾಜ್ಯಗಳ ಸುಂಕದ ಗಡಿಗಳ ನಡುವೆ ಯಾರಿಗೂ ಸೇರದ ಸ್ಥಳವೊಂದಿದ್ದರೆ ಸರಕನ್ನು ಇಳಿಸಿ ಏರಿಸುವ ವ್ಯಾಪಾರಿಗಳಿಗೆ ಅನುಕೂಲವೂ ಆಗುತ್ತಿದ್ದಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭವೆಂಬ ನಮ್ಮ ಗಾದೆಯಂತೆ, ಇಲ್ಲಿ ಇಬ್ಬರ ಮೌನವೂ ಮೂರನೆಯವನಿಗೆ ಲಾಭವಾಯಿತು. 1484ರಲ್ಲಿ ಉಭಯರೂ ಕೊಸ್ಪಾಯಾದ ಸ್ವಾತಂತ್ರ್ಯವನ್ನು ವಿಧಿವತ್ತಾಗಿ ಮಾನ್ಯಮಾಡಿದರು.

ಆ ಗಣರಾಜ್ಯದ ಆಡಳಿತವನ್ನು ವರ್ಣಿಸಹೊರಟವನು ‘ಇದ್ದಿತು’ ಎನ್ನುವುದಕ್ಕಿಂತ ‘ಇರಲಿಲ್ಲ’ ಎನ್ನುವುದನ್ನೇ ಹೆಚ್ಚಾಗಿ ಬರೆಯಬೇಕಾಗುತ್ತದೆ. ಅಲ್ಲಿ ರಾಜನಿರಲಿಲ್ಲ, ಅಧ್ಯಕ್ಷನಿರಲಿಲ್ಲ, ಸೈನ್ಯವಿರಲಿಲ್ಲ, ಕಾವಲಿನವರಿರಲಿಲ್ಲ, ಸೆರೆಮನೆಯಿರಲಿಲ್ಲ, ಕಂದಾಯವಾಗಲಿ ಸುಂಕವಾಗಲಿ ಇರಲಿಲ್ಲ, ಬರೆದಿಟ್ಟ ಶಾಸನಸಂಹಿತೆಯೂ ಇರಲಿಲ್ಲ. ಮನೆತನಗಳ ಯಜಮಾನರೂ ಊರಿನ ಹಿರಿಯರೂ ಕೂಡಿ, ಊರಿನಲ್ಲಿ ಪ್ರಮುಖವಾಗಿದ್ದ ವಲೆಂತಿ ಮನೆತನದವರ ಮನೆಯಲ್ಲಿಯೂ, 18ನೆಯ ಶತಮಾನದಲ್ಲಿ ಅನುಂತ್ಸಿಯಾತಾ ಚರ್ಚಿನಲ್ಲಿಯೂ ಸಭೆ ನಡೆಸುತ್ತಿದ್ದರು. ಬಂದ ವ್ಯಾಜ್ಯವನ್ನು ಅಲ್ಲಿಯೇ ತೀರಿಸುತ್ತಿದ್ದರು. ಬಿಳಿ ಮತ್ತು ಕಪ್ಪು ಬಣ್ಣಗಳನ್ನು ಓರೆಯಾಗಿ ಕೂಡಿಸಿದ ಬಾವುಟವೊಂದು ಮಾತ್ರ ಇದ್ದಿತು.

ಶಾಸನವೆಂದು ಕರೆಯಬಹುದಾದುದು ಒಂದೇ ಒಂದು. ಆ ಚರ್ಚಿನ ಬಾಗಿಲವಾಡದ ಮೇಲಣ ಕಲ್ಲಿನಲ್ಲಿ ನಾಲ್ಕು ಲ್ಯಾಟಿನ್ ಪದಗಳನ್ನು ಕೆತ್ತಿಸಿದ್ದರು: ‘ಪೆರ್ಪೆತುವಾ ಎತ್ ಫಿರ್ಮಾ ಲಿಬೆರ್ತಾಸ್’, ಶಾಶ್ವತವೂ ಸುದೃಢವೂ ಆದ ಸ್ವಾತಂತ್ರ್ಯ. ಕಲ್ಲು ಇಂದಿಗೂ ಅಲ್ಲಿದೆ. ಪೂಜೆಗೆ ಬಂದವರೂ ಸಭೆಗೆ ಬಂದವರೂ ಅದರ ಕೆಳಗೆ ಹಾಯ್ದೇ ಒಳಹೋಗಬೇಕಾಗಿತ್ತು. ಪೋಪನ ರಾಜ್ಯಕ್ಕೆ ಸೇರದವರಾಗಿಯೂ ಪೋಪನ ಧರ್ಮದಲ್ಲಿ ಶ್ರದ್ಧೆಯುಳ್ಳವರಾಗಿ ಉಳಿದ ಆ ರೈತರು, ತಮ್ಮ ರಾಜಕೀಯ ಪ್ರತಿಜ್ಞೆಯನ್ನು ದೇವರ ಮನೆಯ ಬಾಗಿಲಿಗೇ ಕೆತ್ತಿಸಿದುದರಲ್ಲಿ ಅವರ ಮನಸ್ಸು ವ್ಯಕ್ತವಾಗುತ್ತದೆ. ಅವರಿಗೆ ಸ್ವಾತಂತ್ರ್ಯವು ಕದ್ದು ತಂದ ವಸ್ತುವಾಗಿರಲಿಲ್ಲ. ದೇವರ ಎದುರಿನಲ್ಲಿ ನಾಚದೆ ಹೇಳಿಕೊಳ್ಳಬಹುದಾದ ಹಕ್ಕಾಗಿದ್ದಿತು.

ಇಂತಹ ಊರಿಗೆ ಐಶ್ವರ್ಯವನ್ನು ತಂದುದು ಹೊಗೆಸೊಪ್ಪು. ಅಮೆರಿಕದಿಂದ ಯೂರೋಪಿಗೆ ಬಂದ ಈ ಗಿಡವು ಮೊದಮೊದಲು ಔಷಧವೆಂಬ ಖ್ಯಾತಿಯನ್ನು ಪಡೆದು, ರಾಯಭಾರಿಗಳ ಮತ್ತು ಧರ್ಮಾಧಿಕಾರಿಗಳ ಕೈಯಿಂದ ಕೈಗೆ ಹಬ್ಬಿತು. 1570ರ ದಶಕದಲ್ಲಿ ಇದರ ಬೀಜವನ್ನು ಟಸ್ಕನಿಗೆ ತರಿಸಿದವರು ತೊರ್ನಬುವೊನಿ ಮನೆತನದವರು. ಆ ಕಾರಣದಿಂದ ಹೊಗೆಸೊಪ್ಪಿಗೆ ಅಲ್ಲಿ ಬಹುಕಾಲ ‘ತೊರ್ನಬುವೊನಾ ಮೂಲಿಕೆ’ ಎಂದೇ ಹೆಸರು. ಸಾನ್‌ಸೆಪೊಲ್ಕ್ರೊದ ಪಕ್ಕದಲ್ಲಿದ್ದ ಕೊಸ್ಪಾಯಾದ ಹೊಲಗಳಿಗೆ ಅದು ಬೇಗನೆ ದಾಟಿತು. ಇಟಲಿಯಲ್ಲಿ ಹೊಗೆಸೊಪ್ಪನ್ನು ಮೊದಲು ಬೆಳೆದ ಸ್ಥಳಗಳಲ್ಲಿ ಅದೂ ಒಂದಾಯಿತು.

ಅದೇ ಕಾಲಕ್ಕೆ ಅದೇ ಗಿಡವು ನಮ್ಮ ನಾಡಿನ ಬಾಗಿಲನ್ನೂ ತಟ್ಟಿದ್ದಿತು. ಪೋರ್ಚುಗೀಸರ ಹಡಗುಗಳಿಂದ ಪಶ್ಚಿಮ ಕರಾವಳಿಯಲ್ಲಿ ಇಳಿದ ಹೊಗೆಸೊಪ್ಪು, ಆದಿಲಶಾಹಿಗಳ ವಿಜಾಪುರದಲ್ಲಿ ಪ್ರಚಾರಕ್ಕೆ ಬಂದಿದ್ದಿತು. ಅಕ್ಬರನ ದೂತನಾಗಿ ಅಲ್ಲಿಗೆ ಹೋಗಿದ್ದ ಅಸದ್ ಬೇಗನು ಅದನ್ನು ಸುಂದರವಾದ ಕೊಳವೆಯೊಂದರ ಸಹಿತ ಕೊಂಡೊಯ್ದು 1604ರ ಸುಮಾರಿಗೆ ಆಗ್ರಾದ ದರ್ಬಾರಿನಲ್ಲಿ ಚಕ್ರವರ್ತಿಗೆ ಒಪ್ಪಿಸಿದ ವೃತ್ತಾಂತವನ್ನು ತಾನೇ ಬರೆದಿಟ್ಟಿದ್ದಾನೆ. ಟೈಬರ್ ಕಣಿವೆಯ ರೈತನೂ ವಿಜಾಪುರದ ವರ್ತಕನೂ ಒಬ್ಬರನ್ನೊಬ್ಬರು ಅರಿಯದೆ, ಒಂದೇ ತಲೆಮಾರಿನಲ್ಲಿ ಒಂದೇ ಬೆಳೆಯ ಬೆನ್ನು ಹತ್ತಿದ್ದರು.

ಈ ಬೆಳೆಯ ಸ್ವಭಾವವನ್ನು ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ರೈತರು ಬಲ್ಲರು. ಬೀಜವು ರಾಗಿಯ ಕಾಳಿಗಿಂತಲೂ ಎಷ್ಟೋ ಸಣ್ಣದು. ನೇರವಾಗಿ ಹೊಲಕ್ಕೆ ಎರಚಿದರೆ ಮಣ್ಣಿನಲ್ಲಿ ಮರೆಯಾಗಿ ಹೋಗುವಂತಹುದು. ಆದುದರಿಂದ ಸಸಿಮಡಿಯಲ್ಲಿ ಎಬ್ಬಿಸಿ, ಹದನೋಡಿ ಕಿತ್ತು, ಒಂದೊಂದಾಗಿ ನಾಟಿ ಮಾಡಬೇಕು. ಹೂವು ಕಾಣಿಸಿದೊಡನೆ ಕುಡಿ ಚಿವುಟಬೇಕು. ಕಂಕುಳಲ್ಲಿ ಒಡೆಯುವ ಚಿಗುರನ್ನು ಮತ್ತೆ ಮತ್ತೆ ತೆಗೆಯಬೇಕು. ಕೆಳಗಿನಿಂದ ಮೇಲಕ್ಕೆ ಹಣ್ಣಾಗುವ ಎಲೆಗಳನ್ನು ಕ್ರಮವಾಗಿ ಮುರಿದು ಒಣಗಿಸಬೇಕು. ನೆಲ ಕಡಮೆ ಸಾಕು, ಕೈ ಹೆಚ್ಚು ಬೇಕು. ತೂಕ ಅಲ್ಪ, ಬೆಲೆ ಅಧಿಕ. 800 ಎಕರೆಯಲ್ಲಿ ಗೋಧಿಯನ್ನೇ ಬೆಳೆದುಕೊಂಡಿದ್ದರೆ ಕೊಸ್ಪಾಯಾ ಹೊಟ್ಟೆ ತುಂಬಿದ ಬಡ ಊರಾಗಿ ಉಳಿಯುತ್ತಿದ್ದಿತು. ಮನೆಮಂದಿಯೆಲ್ಲ ದುಡಿದು ಅಂಗೈಯಗಲದ ಹೊಲದಿಂದ ಹಣವನ್ನು ತೆಗೆಯುವ ಈ ಬೆಳೆ, ಅಂತಹ ಊರಿಗೆ ಹೇಳಿ ಮಾಡಿಸಿದಂತಿದ್ದಿತು.

ಅದಕ್ಕೆ ನೆರವಾದುದು ನೆರೆಯವರ ನಿಷೇಧ. ಹೊಗೆಸೊಪ್ಪಿನ ಚಟ ಹಬ್ಬಿದಂತೆಲ್ಲ ಧರ್ಮಾಧಿಕಾರಿಗಳು ಹುಬ್ಬು ಗಂಟಿಕ್ಕಿದರು. ಪೋಪ್ ಎಂಟನೆಯ ಅರ್ಬನನು 1642ರಲ್ಲಿ, ಸೆವಿಲ್ ಪ್ರಾಂತದ ಚರ್ಚುಗಳಲ್ಲಿ ಹೊಗೆಸೊಪ್ಪನ್ನು ಬಳಸುವವರನ್ನು ಧರ್ಮದಿಂದ ಬಹಿಷ್ಕರಿಸುವುದಾಗಿ ಆಜ್ಞೆ ಹೊರಡಿಸಿದನು; ಹತ್ತನೆಯ ಇನೊಸೆಂಟನು 1650ರಲ್ಲಿ ರೋಮಿನ ಸಂತ ಪೀಟರನ ಮಹಾದೇವಾಲಯಕ್ಕೂ ಅಂತಹುದೇ ನಿರ್ಬಂಧವನ್ನು ವಿಧಿಸಿದನು. ಧರ್ಮದ ನಿಷೇಧಕ್ಕಿಂತ ಫಲಕಾರಿಯಾದುದು ಬೊಕ್ಕಸದ ನಿಷೇಧ. 17ನೆಯ ಶತಮಾನದಲ್ಲಿ ಇಟಲಿಯ ರಾಜ್ಯಗಳು ಒಂದರ ಹಿಂದೊಂದು ಹೊಗೆಸೊಪ್ಪಿನ ಮಾರಾಟವನ್ನು ತಮ್ಮ ಏಕಸ್ವಾಮ್ಯವನ್ನಾಗಿ ಮಾಡಿಕೊಂಡು, ಹೆಚ್ಚಿನ ಹಣಕ್ಕೆ ಗುತ್ತಿಗೆದಾರರಿಗೆ ವಹಿಸಿಕೊಟ್ಟವು. ಹಳ್ಳದ ಈಚೆಗೆ ಬೆಳೆಯಲು ಅಪ್ಪಣೆ ಬೇಕು, ಆಚೆಗೆ ಮಾರಲು ಸುಂಕ ಬೇಕು. ನಡುವಣ ಅರ್ಧ ಕಿಲೋಮೀಟರಿನಲ್ಲಿ ಮಾತ್ರ ಎರಡೂ ಬೇಡ. ಕೊಸ್ಪಾಯಾದ ನೆಲಕ್ಕೆ ಬೆಲೆ ಬಂದಿತು. ಹೊರಗಿನ ವರ್ತಕರು ಬಂದು ಉಗ್ರಾಣಗಳನ್ನು ಕಟ್ಟಿದರು; ಅವರಲ್ಲಿ ಯೆಹೂದಿ ವ್ಯಾಪಾರಿಗಳೂ ಇದ್ದರು. ಬಟ್ಟೆಬರೆ ಮೊದಲಾದ ಇತರ ಸರಕುಗಳೂ ಸುಂಕದಿಂದ ಪಾರಾಗಿ ಅಲ್ಲಿ ಬಂದು ಸೇರತೊಡಗಿದವು.

ಇಲ್ಲಿಗೆ ನಾವು ಈ ಚರಿತ್ರೆಯ ಮರ್ಮಸ್ಥಾನವನ್ನು ತಲಪಿದೆವು. ಮೊದಲ ನೂರು ವರ್ಷಗಳಲ್ಲಿ ಕೊಸ್ಪಾಯಾದ ಸ್ವಾತಂತ್ರ್ಯವು ಒಂದು ಜೀವನಕ್ರಮವಾಗಿದ್ದಿತು. ಅನಂತರ ಅದು ಕ್ರಮಕ್ರಮವಾಗಿ ಒಂದು ವ್ಯಾಪಾರದ ಅನುಕೂಲವಾಗಿ ಪರಿಣಮಿಸಿತು. ಸ್ವತಂತ್ರರಾಗಿದ್ದುದರಿಂದ ಹೊಗೆಸೊಪ್ಪನ್ನು ಬೆಳೆದವರ ಮೊಮ್ಮಕ್ಕಳು, ಹೊಗೆಸೊಪ್ಪಿನ ಲಾಭ ತಪ್ಪಬಾರದೆಂದು ಸ್ವತಂತ್ರರಾಗಿರಲು ಬಯಸಿದರು. ಸುಂಕ ತಪ್ಪಿಸಿ ಸರಕನ್ನು ಸಾಗಿಸುವವರು ಆ ಊರನ್ನು ತಮ್ಮ ತಂಗುದಾಣವನ್ನಾಗಿ ಮಾಡಿಕೊಂಡರು. ಎರಡು ರಾಜ್ಯಗಳಲ್ಲಿ ಅಪರಾಧ ಮಾಡಿ ಓಡಿಬಂದವರಿಗೂ ಅದು ಆಶ್ರಯವಾಯಿತು. ಹೊರಗಿನಿಂದ ಬಂದವನನ್ನು ತಡೆಯುವ ಕಾವಲು ಆ ಊರಿಗಿರಲಿಲ್ಲ. ತಡೆಯಬೇಕೆಂದು ಹೇಳುವ ಕಟ್ಟಳೆಯೂ ಇರಲಿಲ್ಲ. ಹಿರಿಯರ ಮಾತಿಗೆ ಅಂಜುತ್ತಿದ್ದ ಮನೆತನಗಳು ಮಾತ್ರ ಊರಿನಲ್ಲಿದ್ದಾಗ ರೂಢಿಯೇ ಸಾಕಾಗಿದ್ದಿತು. ರೂಢಿಯನ್ನರಿಯದ ಅಪರಿಚಿತರು ಸೇರಿದ ಮೇಲೆ ರೂಢಿಗೆ ಆ ಬಲ ಉಳಿಯಲಿಲ್ಲ.

18ನೆಯ ಶತಮಾನದ ಕೊನೆಯಿಂದ ಮುಂದಿನದು ಚಿಕ್ಕ ರಾಜ್ಯಗಳಿಗೆ ಅನುಕೂಲವಾದ ಕಾಲವಾಗಿರಲಿಲ್ಲ. ಸಹಸ್ರ ವರ್ಷಗಳ ವೆನಿಸ್ ಗಣರಾಜ್ಯವು 1797ರಲ್ಲಿ ನೆಪೋಲಿಯನನ ಎದುರು ಕುಸಿಯಿತು. ರಗೂಸಾ ಗಣರಾಜ್ಯವನ್ನು 1808ರಲ್ಲಿ ಫ್ರೆಂಚರು ರದ್ದುಗೊಳಿಸಿದರು. ಜಿನೋವಾವನ್ನು ವಿಯೆನ್ನಾ ಸಮ್ಮೇಳನವು ಸಾರ್ಡೀನಿಯಾದ ದೊರೆಗೆ ಒಪ್ಪಿಸಿತು. ನೆಪೋಲಿಯನನ ಪತನದ ಅನಂತರ ಮರಳಿ ಅಧಿಕಾರಕ್ಕೆ ಬಂದ ಅರಸರಿಗೆ ಎಲ್ಲೆಗಳು ಸ್ಪಷ್ಟವಾಗಿರಬೇಕಾಗಿತ್ತು, ಸುಂಕದ ಕಟ್ಟೆಗಳು ಭದ್ರವಾಗಿರಬೇಕಾಗಿತ್ತು. ಅಂತಹ ಕಾಲದಲ್ಲಿ ಪೋಪ್ ಹನ್ನೆರಡನೆಯ ಲಿಯೊ ಮತ್ತು ಫ್ಲಾರೆನ್ಸಿನ ಉತ್ತರಾಧಿಕಾರಿಯಾದ ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಎರಡನೆಯ ಲಿಯೊಪೋಲ್ಡ್ ಇಬ್ಬರೂ ನಾಲ್ಕು ಶತಮಾನಗಳ ಹಿಂದಿನ ಆ ಪ್ರಮಾದವನ್ನು ಸರಿಪಡಿಸಲು ಒಪ್ಪಿದರು. 1826ರ ಜೂನ್ 26ರಂದು ಕೊಸ್ಪಾಯಾದ ಹದಿನಾಲ್ಕು ಮಂದಿ ಪ್ರತಿನಿಧಿಗಳು ಶರಣಾಗತಿಯ ಪತ್ರಕ್ಕೆ ರುಜು ಹಾಕಿದರು. ಊರು ಪೋಪನ ರಾಜ್ಯಕ್ಕೆ ಸೇರಿತು. ಪ್ರತಿಯೊಬ್ಬ ನಿವಾಸಿಗೂ ‘ಪಾಪೆತ್ತೊ’ ಎಂಬ ಒಂದು ಬೆಳ್ಳಿಯ ನಾಣ್ಯವನ್ನು ಕೊಡಲಾಯಿತು. ವರ್ಷಕ್ಕೆ ಐದು ಲಕ್ಷ ಹೊಗೆಸೊಪ್ಪಿನ ಗಿಡಗಳವರೆಗೆ ಬೆಳೆಯಲು ಅನುಮತಿಯೂ ದೊರೆಯಿತು.

ಆ ಒಪ್ಪಂದದ ಷರತ್ತುಗಳನ್ನು ಗಮನವಿಟ್ಟು ನೋಡಬೇಕೆಂದು ನನ್ನ ವಿನಂತಿ. ಊರಿನವರಿಗೆ ಉಳಿದುದು ಬೆಳೆಯ ಹಕ್ಕು. ಹೋದುದು ಸಭೆಯ ಹಕ್ಕು. ತಮ್ಮ ಹಿರಿಯರ ಸಭೆ, ತಮ್ಮ ನ್ಯಾಯವನ್ನು ತಾವೇ ತೀರಿಸಿಕೊಳ್ಳುವ ಪದ್ಧತಿ, ಬಾಗಿಲಿನ ಕಲ್ಲಿನಲ್ಲಿ ಕೆತ್ತಿದ ಪ್ರತಿಜ್ಞೆ, ಇವುಗಳಲ್ಲಿ ಒಂದಕ್ಕೂ ಷರತ್ತಿನಲ್ಲಿ ಸ್ಥಾನ ದೊರೆಯಲಿಲ್ಲ. ಆಗ್ರಹಪಡಿಸುವ ಬಲ ಆ ಹದಿನಾಲ್ವರಿಗೆ ಇರಲಿಲ್ಲವೆಂಬುದು ನಿಜ, ಮತ್ತು ಎರಡು ರಾಜ್ಯಗಳ ಒತ್ತಡದ ನಡುವೆ ಸಿಕ್ಕಿದ ಆ ಬಡವರನ್ನು ದೂಷಿಸುವುದು ಅನ್ಯಾಯವೂ ಹೌದು. ಆದರೂ ಒಂದು ಗಣರಾಜ್ಯವು ತನ್ನ ಕೊನೆಯ ದಿನ ಬೆಳೆಯೊಂದನ್ನು ಮಾತ್ರ ಉಳಿಸಿಕೊಂಡಿತೆಂಬುದು, ಆ ವೇಳೆಗೆ ಅದರ ಪ್ರಾಣ ಎಲ್ಲಿ ನೆಲಸಿದ್ದಿತೆಂಬುದನ್ನು ತಿಳಿಸುತ್ತದೆ.

ಕೊಸ್ಪಾಯಾವನ್ನು ಕುರಿತು ಎರಡು ಬಗೆಯ ತೀರ್ಪುಗಳುಂಟು. ಪ್ರಭುತ್ವವೇ ಅನಾವಶ್ಯಕವೆಂದು ನಂಬುವವರು ಇದನ್ನು ತಮ್ಮ ಸಿದ್ಧಾಂತಕ್ಕೆ ಸಾಕ್ಷಿಯೆಂದು ಎತ್ತಿ ಹಿಡಿಯುತ್ತಾರೆ: ತೆರಿಗೆಯಿಲ್ಲದೆ, ಸೆರೆಮನೆಯಿಲ್ಲದೆ, ಸೈನ್ಯವಿಲ್ಲದೆ ಜನ ನಾಲ್ಕು ಶತಮಾನಗಳ ಕಾಲ ಬಾಳಿದರಲ್ಲವೆ ಎಂದು. ಇನ್ನು ಕೆಲವರು ಅದನ್ನು ಕಳ್ಳಸಾಗಣೆಯ ಬೀಡೆಂದು ತಳ್ಳಿಹಾಕುತ್ತಾರೆ. ಈ ಎರಡರಲ್ಲಿಯೂ ಸತ್ಯಾಂಶವುಂಟು, ಎರಡೂ ಅಪೂರ್ಣ. ಸರಿಯಾದ ತೀರ್ಮಾನಕ್ಕೆ ಬರಬೇಕಾದರೆ ಕೊಸ್ಪಾಯಾವನ್ನು ಅದರ ಸಮಾನರೊಡನೆ ಹೋಲಿಸಿ ನೋಡಬೇಕು.

ಅದೇ ಅಪೆನ್ನೀನ್ ಬೆಟ್ಟಗಳ ಆಚೆಯ ಮಗ್ಗುಲಲ್ಲಿ, 61 ಚದರ ಕಿಲೋಮೀಟರಿನ ಸಾನ್ ಮರೀನೊ ಗಣರಾಜ್ಯವಿದೆ. ಅದು ಇಂದಿಗೂ ಸ್ವತಂತ್ರವಾಗಿದೆ. ಅದಕ್ಕೂ ಬಲಿಷ್ಠರಾದ ನೆರೆಯವರಿದ್ದರು, ಅದಕ್ಕೂ ಹೇಳಿಕೊಳ್ಳುವಂತಹ ಸೈನ್ಯವಿರಲಿಲ್ಲ. ಆದರೆ ಅಲ್ಲಿ 13ನೆಯ ಶತಮಾನದಿಂದ ಆರು ತಿಂಗಳಿಗೊಮ್ಮೆ ಇಬ್ಬರು ಆಡಳಿತಪ್ರಮುಖರನ್ನು ಆರಿಸುವ ಪದ್ಧತಿ ನಡೆದುಬಂದಿದೆ. ಪದವಿಯಿಂದಿಳಿದೊಡನೆ ಅವರ ನಡತೆಯ ಮೇಲೆ ಯಾವ ಪ್ರಜೆಯಾದರೂ ದೂರು ಕೊಡಬಹುದು. 1600ರಲ್ಲಿ ಅದರ ಕಟ್ಟಳೆಗಳನ್ನು ಗ್ರಂಥರೂಪದಲ್ಲಿ ಬರೆದಿಡಲಾಯಿತು. 1739ರಲ್ಲಿ ಕಾರ್ಡಿನಲ್ ಆಲ್ಬೆರೋನಿ ಸೈನಿಕರೊಡನೆ ಬಂದು ಆ ಪುಟ್ಟ ರಾಜ್ಯವನ್ನು ಆಕ್ರಮಿಸಿ, ಚರ್ಚಿನಲ್ಲಿ ಪ್ರಜೆಗಳಿಂದ ನಿಷ್ಠೆಯ ಪ್ರಮಾಣವನ್ನು ಬಲಾತ್ಕಾರವಾಗಿ ಮಾಡಿಸಹೊರಟಾಗ, ಕೆಲವರು ಅವನ ಎದುರಿನಲ್ಲಿಯೇ ತಮ್ಮ ನಿಷ್ಠೆ ತಮ್ಮ ಗಣರಾಜ್ಯಕ್ಕೆಂದು ಸಾರಿ ಹೇಳಿದರು. ಮರುವರ್ಷದ ಫೆಬ್ರವರಿಯಲ್ಲಿ ಪೋಪನೇ ಸ್ವಾತಂತ್ರ್ಯವನ್ನು ಹಿಂದಿರುಗಿಸಬೇಕಾಯಿತು. 1797ರಲ್ಲಿ ನೆಪೋಲಿಯನನು ಅವರ ನಾಡನ್ನು ವಿಸ್ತರಿಸಿಕೊಡುವುದಾಗಿ ಹೇಳಿಕಳುಹಿಸಿದಾಗ, ತಮಗೆ ತಮ್ಮ ಎಲ್ಲೆಯೇ ಸಾಕೆಂದು ಅವರು ನಯವಾಗಿ ನಿರಾಕರಿಸಿದರು. ಸಿಕ್ಕಿದ ಲಾಭವನ್ನು ಬೇಡವೆನ್ನಬಲ್ಲ ಈ ಸಂಯಮವು ಒಂದು ದಿನದಲ್ಲಿ ಬಂದುದಲ್ಲ. ತಲೆಮಾರು ತಲೆಮಾರಾಗಿ ಪದವಿಯನ್ನು ಹೊತ್ತು, ಲೆಕ್ಕವನ್ನು ಒಪ್ಪಿಸಿ, ಕಟ್ಟಳೆಗೆ ತಲೆಬಾಗಿ ಅಭ್ಯಾಸವಾದ ಜನಕ್ಕೆ ಬಂದ ಬುದ್ಧಿ.

ಸ್ವಿಟ್ಸರ್ಲೆಂಡಿನ ಸರೋವರವೊಂದರ ದಡದಲ್ಲಿರುವ ಗೆರ್ಸಾವ್ ಎಂಬ ಹಳ್ಳಿಯೂ ಒಮ್ಮೆ ಗಣರಾಜ್ಯವಾಗಿದ್ದಿತು. ಆ ಹಳ್ಳಿಗರು 1390ರಲ್ಲಿ ತಮ್ಮ ಮೇಲಿನ ಒಡೆತನವನ್ನು ಅದರ ಹಕ್ಕುದಾರರಿಂದ ಹಣಕೊಟ್ಟು ಕೊಂಡುಕೊಂಡರು. 1433ರಲ್ಲಿ ಚಕ್ರವರ್ತಿ ಸಿಗಿಸ್ಮಂಡನಿಂದ ಅದಕ್ಕೆ ಮಾನ್ಯತೆ ಪಡೆದರು. 1798ರಲ್ಲಿ ಫ್ರೆಂಚರ ಹಾವಳಿಯಿಂದ ಕಳೆದುಕೊಂಡ ಸ್ವಾತಂತ್ರ್ಯವನ್ನು 1814ರಲ್ಲಿ ಮತ್ತೆ ಸಾರಿದರು. ಕೆಲವು ವರ್ಷಗಳಲ್ಲಿ ಅವರ ಊರು ಶ್ವಿಟ್ಸ್ ಪ್ರಾಂತಕ್ಕೆ ಸೇರಿತು. ಗೆರ್ಸಾವ್ ಕೂಡ ಉಳಿಯಲಿಲ್ಲವೆಂಬುದು ಸತ್ಯ. ಆದರೆ ಒಮ್ಮೆ ಕಳೆದುಕೊಂಡುದನ್ನು ಮತ್ತೊಮ್ಮೆ ಬಯಸಿ ಪಡೆದ ಆ ಜನಕ್ಕೆ, ತಮ್ಮ ಸ್ವಾತಂತ್ರ್ಯಕ್ಕಾಗಿ ತಾವು ಬೆಲೆ ತೆತ್ತಿದ್ದೇವೆಂಬ ನೆನಪು ಬಲವಾಗಿದ್ದಿತು.

ಹಳ್ಳಿಯೇ ಗಣರಾಜ್ಯವೆಂಬ ಕಲ್ಪನೆ ನಮಗೆ ಅಪರಿಚಿತವಲ್ಲ. ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಮೆಟ್‌ಕಾಫ್ 1830ರಲ್ಲಿ ಬರೆದ ಟಿಪ್ಪಣಿಯಲ್ಲಿ, ಭಾರತದ ಗ್ರಾಮಸಮುದಾಯಗಳು ಪುಟ್ಟ ಪುಟ್ಟ ಗಣರಾಜ್ಯಗಳೆಂದೂ, ರಾಜವಂಶಗಳು ಒಂದಾದಮೇಲೊಂದು ಉರುಳಿದರೂ ಅವು ಮಾತ್ರ ಉಳಿದುವೆಂದೂ ಪ್ರಶಂಸಿಸಿದನು. ಈ ಪ್ರಶಂಸೆಯನ್ನು ನಮ್ಮವರು ಬಹುಕಾಲ ಹೆಮ್ಮೆಯಿಂದ ಹೇಳಿಕೊಂಡು ಬಂದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಸಂವಿಧಾನವನ್ನು ಮಂಡಿಸುತ್ತಾ ಡಾಕ್ಟರ್ ಅಂಬೇಡ್ಕರರು ಇದಕ್ಕೆ ನೇರವಾದ ಉತ್ತರವನ್ನು ಕೊಟ್ಟರು. ಉಳಿದುಬಂದುದಷ್ಟೇ ಹಿರಿಮೆಯಾಗದು, ಯಾವ ಮಟ್ಟದಲ್ಲಿ ಉಳಿದುಬಂದರೆಂಬುದೇ ಮುಖ್ಯವೆಂದು ಅವರು ಹೇಳಿದರು. ಹಳ್ಳಿಯ ಸಂಕುಚಿತ ದೃಷ್ಟಿಯನ್ನೂ ಜಾತಿಯ ಬಂಧನವನ್ನೂ ಕಂಡು ನೊಂದ ಮಹಾಪುರುಷರ ಮಾತದು. ಅದೇ ತಿಂಗಳಲ್ಲಿ ಗ್ರಾಮಪಂಚಾಯತಿಗಳನ್ನು ಸಂಘಟಿಸಿ ಅವಕ್ಕೆ ಸ್ವಯಮಾಡಳಿತಕ್ಕೆ ಬೇಕಾದ ಅಧಿಕಾರವನ್ನು ಕೊಡಬೇಕೆಂಬ ನಿರ್ದೇಶನವನ್ನೂ ಆ ಸಭೆ ಅಂಗೀಕರಿಸಿತು. ಇಂದಿನ ಸಂವಿಧಾನದ 40ನೆಯ ವಿಧಿ ಅದು.

ಕೊಸ್ಪಾಯಾದ ಚರಿತ್ರೆಯನ್ನು ಓದಿದಾಗಲೆಲ್ಲ ನನಗೆ ಈ ವಾದಪ್ರತಿವಾದಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲವೆಂದು ತೋರುತ್ತದೆ. ಮೆಟ್‌ಕಾಫನು ಕಂಡುದು ಬಾಳಿಕೆಯನ್ನು, ಅಂಬೇಡ್ಕರರು ಕೇಳಿದುದು ಬಾಳಿನ ಗುಣವನ್ನು. 386 ವರ್ಷಗಳ ಬಾಳಿಕೆ ಸಾಮಾನ್ಯವಲ್ಲ. ನಿಯೋಜಿತನಾದ ಅಧಿಕಾರಿಯೊಬ್ಬನೂ ಇಲ್ಲದೆ, ಬಡ ರೈತರು ತಮ್ಮ ನಡುವಣ ವ್ಯಾಜ್ಯಗಳನ್ನು ಕೂಡಿ ಮಾತನಾಡಿ ತೀರಿಸಿಕೊಳ್ಳಬಲ್ಲರೆಂಬುದನ್ನು ಅದು ನಿಸ್ಸಂದೇಹವಾಗಿ ತೋರಿಸಿಕೊಟ್ಟಿತು. ಜನಸಾಮಾನ್ಯರಿಗೆ ಸ್ವಯಮಾಡಳಿತದ ಯೋಗ್ಯತೆಯಿಲ್ಲವೆನ್ನುವವರಿಗೆ ಆ ಒಂದು ಹಳ್ಳಿ ಸಾಕಾದಷ್ಟು ಉತ್ತರ. ಆದರೆ ಆ ಸ್ವಾತಂತ್ರ್ಯದಲ್ಲಿ ಪರರು ಹೇರುವ ಭಾರದಿಂದ ಬಿಡುಗಡೆಯಿದ್ದಷ್ಟು, ತಾವೇ ಹೊತ್ತುಕೊಳ್ಳುವ ಭಾರವಿರಲಿಲ್ಲ. ತೆರಿಗೆಯನ್ನು ಯಾರಿಗೂ ಕೊಡದಿದ್ದುದು ಸರಿ. ತಮ್ಮ ಊರಿಗಾಗಿ ತಾವೇ ಏನನ್ನು ಕೂಡಿಟ್ಟರು? ಪರರ ಕಟ್ಟಳೆಗೆ ಒಳಪಡದಿದ್ದುದು ಸರಿ. ತಮ್ಮ ಮಕ್ಕಳಿಗಾಗಿ ಯಾವ ಕಟ್ಟಳೆಯನ್ನು ಬರೆದಿಟ್ಟರು? ಕಷ್ಟಕಾಲ ಬಂದಾಗ ಊರಿನ ಪರವಾಗಿ ನಿಂತು ವಾದಿಸಲು ಅಲ್ಲಿ ಸಂಸ್ಥೆಯಿರಲಿಲ್ಲ, ದಾಖಲೆಯಿರಲಿಲ್ಲ, ಪದವಿಯ ಗೌರವವನ್ನು ಬಲ್ಲ ಪದಾಧಿಕಾರಿಗಳಿರಲಿಲ್ಲ. ಇದ್ದುದು ಕಲ್ಲಿನ ಮೇಲಣ ಅಕ್ಷರ ಮತ್ತು ಹೊಲದಲ್ಲಿನ ಬೆಳೆ.

ನಮ್ಮ ನಾಡಿನ ಗ್ರಾಮಗಳಿಗೆ ಸ್ವಯಮಾಡಳಿತದ ಹಕ್ಕು ಇಂದು ಎರಡು ಹಳ್ಳಗಳ ನಡುವಣ ಪ್ರಮಾದದಿಂದ ಬಂದಿಲ್ಲ. ಅನೇಕರ ತ್ಯಾಗದಿಂದಲೂ ಪ್ರಾಜ್ಞರ ಚಿಂತನದಿಂದಲೂ ಬಂದಿದೆ. ಆದುದರಿಂದ ಅದನ್ನು ರಕ್ಷಿಸುವ ಹೊಣೆಯೂ ಹೆಚ್ಚಿನದು. ಗ್ರಾಮಸಭೆಗೆ ಹೋಗಿ ಕುಳಿತುಕೊಳ್ಳುವುದು, ಊರಿನ ಲೆಕ್ಕವನ್ನು ಕೇಳುವುದು ಮತ್ತು ಕೇಳಿದವರಿಗೆ ಒಪ್ಪಿಸುವುದು, ಸಲ್ಲಬೇಕಾದ ತೆರಿಗೆಯನ್ನು ನಮ್ಮದೇ ಊರಿನ ಕೆಲಸಕ್ಕೆಂದು ಮನಸಾರೆ ಸಲ್ಲಿಸುವುದು, ಮಾಡಿದ ನಿರ್ಣಯವನ್ನು ಬರೆದಿಡುವುದು: ಇವು ನೋಡುವುದಕ್ಕೆ ಸಣ್ಣ ಕೆಲಸಗಳು, ಕೀರ್ತಿಯನ್ನು ತರತಕ್ಕವಲ್ಲ. ಆದರೆ ಸಾನ್ ಮರೀನೊವನ್ನು ಉಳಿಸಿದುದು ಇಂತಹ ಸಣ್ಣ ಕೆಲಸಗಳ ಎಡೆಬಿಡದ ಆಚರಣೆ. ಕೊಸ್ಪಾಯಾದಲ್ಲಿ ಕೊರತೆಯಾದುದೂ ಅದೇ. ಸ್ವಾತಂತ್ರ್ಯವು ಆಕಸ್ಮಿಕವಾಗಿ ಒದಗಬಹುದು, ಹೋರಾಟದಿಂದ ಲಭಿಸಬಹುದು, ಹಣಕ್ಕೆ ದೊರೆಯಲೂಬಹುದು. ಉಳಿಯುವುದು ಮಾತ್ರ ಪ್ರತಿದಿನದ ಕರ್ತವ್ಯದಿಂದ. ಈ ಮಾತನ್ನು ನಮ್ಮ ಹಳ್ಳಿಗಳ ತರುಣರು ಮನಸ್ಸಿಗೆ ತಂದುಕೊಳ್ಳಲೆಂದು ಹಾರೈಸುತ್ತೇನೆ.